ಹೊರಗೆ ಕುಳಿತವರು

ನಿಮ್ಮ ಕೈಗೆ ಬಂದ ನೋಟೀಸನ್ನು ಕೊನೆಯ ಸಾಲಿನವರೆಗೆ ಎಂದಾದರೂ ಓದಿದ್ದೀರಾ? ಆ ಕಿರಿಯ ವೈದ್ಯೆಯೂ ಓದಲಿಲ್ಲ. ವಾರ್ಡಿನ ಗಡಿಬಿಡಿಯಲ್ಲಿ ಅವಳಿಗೆ ಕಂಡದ್ದು ಎರಡೇ ಮಾತು: ವಿಚಾರಣೆ, ಹನ್ನೊಂದು ಗಂಟೆ.

"ಒಬ್ಬಳೇ ಒಳಗೆ ಹೋಗ್ಬೇಡ ಕಣೇ. ವೈದ್ಯರ ಸಂಘಕ್ಕೆ ಫೋನ್ ಮಾಡಿದೀನಿ, ಯಾರಾದ್ರೂ ಬರ್ತಾರೆ," ಎಂದಿದ್ದಳು ಜೊತೆಯ ವೈದ್ಯೆ.

"ಬಂದು ಏನ್ ಮಾಡ್ತಾರೆ, ಬಾವುಟ ಹಿಡೀತಾರಾ?"

"ಪಕ್ಕದಲ್ಲಿ ಕೂತ್ಕೋತಾರೆ. ನಿನ್ನ ಬಾಯಿಗೆ ಅಷ್ಟು ಕಾವಲು ಬೇಕು."

ಆಸ್ಪತ್ರೆಯ ಗೇಟಿನಲ್ಲಿ ಅವಳು ಅರ್ಧ ಗಂಟೆ ಕಾದಳು. ಬಿಲ್ಲೆ ಧರಿಸಿದ ಒಬ್ಬ ಮುಖಂಡನೂ ಬರಲಿಲ್ಲ.

ಮೂರನೆಯ ಮಹಡಿಯಲ್ಲಿ, ವಿಚಾರಣೆಯ ಕೋಣೆಯೆದುರಿನ ಬೆಂಚಿನ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ಮಾಸಿದ ಕಾಲರು, ತೊಡೆಯ ಮೇಲೆ ಕಂದು ಫೈಲು. ತನ್ನ ವಾರ್ಡಿನಲ್ಲಿ ಸತ್ತ ಹುಡುಗಿಯ ತಾತ ದೂರು ಕೊಟ್ಟಿದ್ದಾರೆಂದು ಅವಳು ಕೇಳಿದ್ದಳು, ಮುಖ ನೋಡಿರಲಿಲ್ಲ. ಇವರೇ ಇರಬೇಕು ಎಂದುಕೊಂಡಳು. ವೃದ್ಧರು ಎದ್ದು ಬಾಯಿ ತೆರೆದರು. ಅವಳು ತಲೆ ತಗ್ಗಿಸಿ ಒಳಗೆ ನುಸುಳಿದಳು.

ಒಳಗೆ ವಿಭಾಗದ ಮುಖ್ಯಸ್ಥರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಈಚೆ ಬದಿಗೆ ಎರಡು ಕುರ್ಚಿ.

"ಕೂತ್ಕೊಳಮ್ಮ. ನೀನು ನನ್ನ ಮಗಳ ಹಾಗೆ. ಮಾತಾಡಿ ಮುಗಿಸೋಣ." ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು. "ಹೊರಗೆ ಒಬ್ಬರು ಕೂತಿದ್ದಾರೆ. ಕರೀಬೇಕಾ?"

"ಬೇಡ ಸರ್. ಅವರ ಮುಂದೆ ನನಗೆ ಮಾತೇ ಬರಲ್ಲ."

"ಬೇಡ ಅಂದ್ರು. ಬರ್ಕೊಳಪ್ಪ," ಎಂದರು ಅವರು ಗುಮಾಸ್ತನಿಗೆ.

ಅವಳು ಎಲ್ಲವನ್ನೂ ಒಪ್ಪಿಕೊಂಡಳು. ಮದ್ದಿನ ಪ್ರಮಾಣ ತಪ್ಪಿ ಬರೆದದ್ದು ತನ್ನದೇ ಕೈ. ಆ ಕೈ ಅದಕ್ಕೆ ಮೊದಲು ಎಷ್ಟು ಗಂಟೆ ವಿಶ್ರಾಂತಿಯಿಲ್ಲದೆ ದುಡಿದಿತ್ತೆಂದು ಮುಖ್ಯಸ್ಥರು ಕೇಳಲಿಲ್ಲ. ನೆಪ ಹೇಳಿದಂತಾದೀತೆಂದು ಅವಳೂ ಹೇಳಲಿಲ್ಲ. ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದಳು. ಒಂಬತ್ತು ವರ್ಷದ ಓದು ನೀರಿನಲ್ಲಿ ಮಾಡಿದ ಹೋಮವಾಯಿತು.

ಹೊರಗೆ ಬಂದಾಗ ವೃದ್ಧರು ಇನ್ನೂ ಅಲ್ಲೇ ಇದ್ದರು. ಈ ಬಾರಿ ಅವಳು ತಪ್ಪಿಸಿಕೊಳ್ಳಲಿಲ್ಲ. ಎದುರು ನಿಂತು ಕೈ ಮುಗಿದಳು.

"ತಪ್ಪು ನಂದೇ. ಬರೆದುಕೊಟ್ಟು ಬಂದೆ. ನಿಮ್ಮ ಮೊಮ್ಮಗಳನ್ನ ಮಾತ್ರ ವಾಪಸ್ ಕೊಡೋಕಾಗಲ್ಲ, ತಾತ."

ವೃದ್ಧರು ಫೈಲು ಬಿಚ್ಚಿದರು. ಒಳಗಿದ್ದದ್ದು ಆ ವಾರದ ಡ್ಯೂಟಿ ಪಟ್ಟಿ. ಅವಳ ಹೆಸರಿನ ಮುಂದೆ ಸತತ ಮೂವತ್ನಾಲ್ಕು ಗಂಟೆ. ಅಡಿಯಲ್ಲಿ ಮುಖ್ಯಸ್ಥರ ಸಹಿ.

"ನಾನು ಸಂಘದವನಮ್ಮ. ಹತ್ತು ಗಂಟೆಯಿಂದ ಇಲ್ಲೇ ಕೂತಿದೀನಿ. ನೀನು ಕರೆದಿದ್ರೆ ಅವರು ನನ್ನ ತಡೆಯೋ ಹಾಗಿರಲಿಲ್ಲ. ನೀನು ಕರೆಯದೆ ನಾನು ಒಳಗೆ ಬರೋ ಹಾಗಿರಲಿಲ್ಲ."

ನೋಟೀಸಿನ ಕೊನೆಯ ಸಾಲಿನಲ್ಲಿದ್ದದ್ದೂ ಅದೇ ಮಾತು: ಬಯಸಿದರೆ ಸಂಘದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಬಹುದು. ನಾಳೆ ನಿಮಗೂ ಅಂಥ ಕುರ್ಚಿ ತೋರಿಸಿದರೆ, ದಯವಿಟ್ಟು ಕೂರುವ ಮೊದಲು ಬಾಗಿಲು ತೆರೆದು ಹೊರಗೆ ಕುಳಿತವರನ್ನು ಕರೆಯಿರಿ.