ಸಹಿಗೊಂದು ಅಕ್ಷರ

"ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ," ಎಂದು ದೊಡ್ಡ ಡಾಕ್ಟರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ದವಡೆಗೆ ಎರಡು ಉಂಡೆ ಹತ್ತಿ ತುರುಕಿದರು. ಅದೇ ಉಸಿರಿನಲ್ಲಿ ಕೇಳಿದರು: "ಈಗ ಹೇಳಿ, ಈ ಎರಡರಲ್ಲಿ ಯಾವ ಅಕ್ಷರ ಚೆನ್ನಾಗಿದೆ?"

ರಿಸೆಪ್ಷನಿಸ್ಟ್ ಲ್ಯಾಪ್‌ಟಾಪನ್ನು ಮೇಷ್ಟ್ರ ಮುಖದ ಮುಂದೆ ಹಿಡಿದಳು. ಕ್ಲಿನಿಕ್ಕಿನಿಂದ ಹೋಗುವ ಪ್ರತಿ ಇಮೇಲಿನ ಕೊನೆಯಲ್ಲಿ ಇಬ್ಬರು ಡಾಕ್ಟರ ಹೆಸರು, ಪದವಿ, ಫೋನ್ ನಂಬರು ಇರುವ ಸಹಿ ಅದು. ಒಂದರಲ್ಲಿ ಅಕ್ಷರಗಳು ಬಳ್ಳಿಯಂತೆ ಒಂದಕ್ಕೊಂದು ಸುತ್ತಿಕೊಂಡಿದ್ದವು. ಅದು ದೊಡ್ಡ ಡಾಕ್ಟರ ಆಯ್ಕೆ. ಇನ್ನೊಂದರಲ್ಲಿ ಕೂದಲೆಳೆಯಷ್ಟು ಸಪೂರವಾಗಿ ನೆಟ್ಟಗೆ ನಿಂತಿದ್ದವು. ಅದು ಅವರ ತಂಗಿ, ಚಿಕ್ಕ ಡಾಕ್ಟರದು. ಬಾಯಿ ತುಂಬ ಹತ್ತಿ ಇದ್ದ ಮೇಷ್ಟ್ರು "ಆಂ" ಎಂದರು.

"ನೋಡು, ಅವರಿಗೆ ನಂದೇ ಇಷ್ಟ."

"ಅವರ ಕಣ್ಣು ನನ್ನ ಅಕ್ಷರದ ಮೇಲಿತ್ತು ಅಂತ ಹೇಳು," ಎಂದರು ಪಕ್ಕದ ಕುರ್ಚಿಯ ದೀಪ ಒರೆಸುತ್ತಿದ್ದ ಚಿಕ್ಕ ಡಾಕ್ಟರು. ಹೇಳಿದ್ದು ರಿಸೆಪ್ಷನಿಸ್ಟಿಗೆ. ಅಕ್ಕ ತಂಗಿಯರ ನಡುವೆ ಇದ್ದದ್ದು ನಾಲ್ಕೇ ಅಡಿ ಜಾಗ. ಆದರೂ ಒಂದು ತಿಂಗಳಿಂದ ಮಾತೆಲ್ಲ ಇವಳನ್ನು ಸುತ್ತಿಕೊಂಡೇ ಹೋಗಬೇಕು.

ಸಹಿ ಹೊಸದು ಮಾಡೋಣ ಎಂದು ಶುರುವಾದ ಮಾತು ಅದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಎಳೆದಾಡಿ, ಒಂದು ದಿನ ಬಳ್ಳಿ ಅಕ್ಷರ, ಒಂದು ದಿನ ಸಪೂರದ ಅಕ್ಷರ ಎಂದು ಸರದಿಯಲ್ಲಿ ಕಳಿಸಿ ನೋಡಿ, ಕೊನೆಗೆ "ಇಲ್ಲಿ ನನ್ನ ಮಾತಿಗೆ ಬೆಲೆ ಎಲ್ಲಿದೆ" ಎಂಬಲ್ಲಿಗೆ ಬಂದು ನಿಂತಿತ್ತು. ಬೇರೆ ಕ್ಲಿನಿಕ್ ತೆರೆಯಲೆಂದು ಚಿಕ್ಕ ಡಾಕ್ಟರು ಎದುರು ರಸ್ತೆಯಲ್ಲಿ ಒಂದು ಮಹಡಿ ನೋಡಿ ಬಂದಿದ್ದರು. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು. ಕುರ್ಚಿ ಎರಡಿವೆ, ಪಾಲು ಸುಲಭ. ಆದರೆ ರಿಸೆಪ್ಷನಿಸ್ಟ್ ಒಬ್ಬಳೇ. ಹದಿನೈದು ವರ್ಷ ಇಬ್ಬರಿಗೂ ದುಡಿದವಳಿಗೆ ಈಗ ಯಾರ ಕಡೆ ಹೋದರೂ ಇನ್ನೊಬ್ಬರ ಮುಖ ನೋಡುವ ಹಾಗಿಲ್ಲ. ಆ ಭಯಕ್ಕೆ ನಾಲ್ಕು ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಎಲ್ಲರ ಮಶೀನಲ್ಲೂ ಇರೋ ಮಾಮೂಲಿ ಫಾಂಟೇ ಹಾಕಿಬಿಡೋಣ ಡಾಕ್ಟ್ರೆ. ಎಲ್ಲಿ ತೆಗೆದ್ರೂ ಒಂದೇ ಥರ ಕಾಣತ್ತೆ," ಎಂದಳು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು.

"ಎಲ್ಲರ ಹತ್ರ ಇರೋದನ್ನೇ ಹಾಕೋದಾದ್ರೆ ನಾವು ಆರಿಸೋದು ಏನನ್ನ?" ಎಂದರು ದೊಡ್ಡ ಡಾಕ್ಟರು. ಹೌದು ಹೌದೆಂದು ಚಿಕ್ಕ ಡಾಕ್ಟರ ತಲೆಯೂ ಅಲ್ಲಾಡಿತು. ತಿಂಗಳಲ್ಲಿ ಅವರು ಒಪ್ಪಿಕೊಂಡ ಮಾತು ಇದೊಂದೇ.

ಹಲ್ಲಿನ ಕುಳಿ ತುಂಬಿ ಮುಗಿಯಿತು. ಮೇಷ್ಟ್ರು ಬಾಯಿ ಮುಕ್ಕಳಿಸಿ, ಎದ್ದು ಕೂತು, ಕನ್ನಡಕ ಹಾಕಿಕೊಂಡರು. "ನಿಮ್ಮ ಮೇಲ್ ನನಗೂ ಬರತ್ತಲ್ಲ. ಸಹಿ ಅಂತ ಒಂದಿದೆ ಅನ್ನೋದನ್ನೇ ನೋಡಿಲ್ವಲ್ಲ ನಾನು. ತಾಳಿ ತಾಳಿ." ಜೇಬಿನಿಂದ ಫೋನ್ ತೆಗೆದರು. ಮೂರು ತಲೆಗಳು ಅದರ ಮೇಲೆ ಬಾಗಿದವು.

ಹೋದ ವಾರದಿಂದ ಬಂದ ನಾಲ್ಕು ಮೇಲ್ ಒಂದರ ಕೆಳಗೊಂದು ಇದ್ದವು. ಸಹಿ ಇರಬೇಕಾದಲ್ಲಿ ಬರೀ ಮೂರು ಚುಕ್ಕಿ. ರಿಸೆಪ್ಷನಿಸ್ಟ್ ಚುಕ್ಕಿಯನ್ನು ಒತ್ತಿದಳು. ಹೆಸರುಗಳು ಹೊರಬಂದವು. ಗುಂಡಗಿನ, ಸಪ್ಪೆಯಾದ, ಎಲ್ಲರ ಫೋನಿನಲ್ಲೂ ಇರುವ ಅಕ್ಷರ.

"ಇದು ನಂದಲ್ಲ," ಎಂದರು ದೊಡ್ಡ ಡಾಕ್ಟರು. ಇನ್ನೊಂದು ದಿನದ ಮೇಲ್ ಒತ್ತಿದರು. ಅದೂ ಹಾಗೇ.

"ನಂದೂ ಅಲ್ಲ ಅಂತ ಹೇಳು."

"ಆ ಎರಡು ಫಾಂಟೂ ನಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಇರೋದು, ಡಾಕ್ಟ್ರೆ. ಅವರ ಹತ್ರ ಇಲ್ಲದಿದ್ರೆ ಅವರ ಫೋನು ತನ್ನ ಹತ್ರ ಇರೋ ಬಟ್ಟೇನೇ ತೊಡಿಸಿ ತೋರಿಸತ್ತೆ."

ತಿಂಗಳಿಡೀ ಜಗಳಾಡಿದ್ದನ್ನು ಈ ಕೋಣೆಯ ಹೊರಗೆ ಒಂದು ನರಪಿಳ್ಳೆಯೂ ನೋಡಿರಲಿಲ್ಲ. ದೊಡ್ಡ ಡಾಕ್ಟರಿಗೆ ಸಿಟ್ಟಿಗಿಂತ ಈಗ ಕುತೂಹಲ. "ಹಾಗಾದ್ರೆ ನಮ್ಮ ಮೇಲಲ್ಲಿ ನೀವು ನೋಡೋದಾದ್ರೂ ಏನು?"

"ಇದನ್ನ," ಎಂದು ಮೇಷ್ಟ್ರು ಬೆರಳಿನಿಂದ ಮೇಲಕ್ಕೆ ಸರಿಸಿದರು. "ಹೋದ ವಾರ ಹಲ್ಲು ಕಿತ್ತಿರಲ್ಲ, ಅವತ್ತು ಬಂದದ್ದು. 'ಇನ್ನು ನಾಲ್ಕು ದಿನ ನಾಲಗೆ ಪದೇ ಪದೇ ಆ ಖಾಲಿ ಜಾಗ ನೋಡಲು ಹೋಗುತ್ತದೆ. ಅದಕ್ಕೂ ಕುತೂಹಲ. ಬೈಯಬೇಡಿ, ಮೆಲ್ಲಗೆ ವಾಪಸ್ ಕರೆಯಿರಿ.' ಒಬ್ಬನೇ ಕೂತು ನಕ್ಕುಬಿಟ್ಟೆ. ಈಗ ನಾನೂ ಗಾಡಿ ಕಲಿಯೋರಿಗೆ ಹಾಗೇ ಹೇಳ್ತೀನಿ. ಕೈ ಸುಮ್ಸುಮ್ನೆ ಹಾರ್ನ್ ಮೇಲೆ ಹೋದ್ರೆ ಬೈಕೋಬೇಡಿ, ಮೆಲ್ಲಗೆ ವಾಪಸ್ ಕರೀರಿ ಅಂತ. ನಿಮ್ಮಿಬ್ಬರಲ್ಲಿ ಯಾರು ಬರೆದದ್ದು ಇದನ್ನ?"

ದೊಡ್ಡ ಡಾಕ್ಟರು ತಿರುಗಿ, ನೇರವಾಗಿ ತಂಗಿಯನ್ನೇ ಕೇಳಿದರು. "ನೀನಲ್ವಾ?"

"ನಾನಲ್ಲ. ನೀನೇ ಅಂದ್ಕೊಂಡಿದ್ದೆ." ಚಿಕ್ಕ ಡಾಕ್ಟರೂ ಅಕ್ಕನ ಕಡೆ ತಿರುಗಿದರು. "ಬಾಯಲ್ಲಿ ಎಷ್ಟೇ ಒರಟಾಡಿದ್ರೂ ಒಳಗೆ ಮೆತ್ತಗಿದಾಳೆ ಅಂತ, ಹಲ್ಲು ಕೀಳಿಸ್ಕೊಂಡೋರಿಗೆಲ್ಲ ಹೋಗೋ ಈ ಮೇಲ್ ಓದ್ಕೊಂಡೇ ಇಷ್ಟು ವರ್ಷ ನಿನ್ನ ಸಹಿಸ್ಕೊಂಡೆ ಅಕ್ಕ."

"ನಾನೂ ಅಷ್ಟೇ," ಎಂದರು ದೊಡ್ಡ ಡಾಕ್ಟರು.

ಇಬ್ಬರೂ ನಿಧಾನವಾಗಿ ರಿಸೆಪ್ಷನಿಸ್ಟ್ ಕಡೆ ನೋಡಿದರು. ಅವಳು ಕಿವಿಯವರೆಗೂ ಕೆಂಪಾಗಿದ್ದಳು.

"ಹಲ್ಲು ಕೀಳಿಸಿಕೊಂಡೋರೆಲ್ಲ ಫೋನ್ ಮಾಡಿ ನಾಲಗೆ ಯಾಕೆ ಅಲ್ಲಿಗೇ ಹೋಗತ್ತೆ ಅಂತ ಕೇಳೋರು, ಡಾಕ್ಟ್ರೆ," ಎಂದಳು. "ನೀವಿಬ್ರೂ ಕೆಲಸದಲ್ಲಿದ್ರಿ."