ಯೂನಿಕ್ಸ್ ಅನ್ನಿಸಿಕೊಳ್ಳಲು

ಹನುಮೇಶ ಮೇಜಿನ ಕೆಳಗೆ ತನ್ನ ಕಾಲು ತುಳಿದಾಗ ನೇತ್ರಾವತಿಗೆ ಮೈಯೆಲ್ಲ ಉರಿಯಿತು. ಸೋಲು ಹತ್ತಿರ ಬಂದವನ ಚಾಳಿ ಎಂದುಕೊಂಡು ಕುರ್ಚಿಯನ್ನು ಆಚೆ ಎಳೆದುಕೊಂಡಳು.

ಕುಷ್ಟಗಿಯ ಆ ಖಾಸಗಿ ಕಾಲೇಜಿನಲ್ಲಿ ಇಬ್ಬರೂ ಕಂಪ್ಯೂಟರ್ ವಿಭಾಗದ ಅತಿಥಿ ಉಪನ್ಯಾಸಕರು. ಈ ವರ್ಷ ಒಬ್ಬರನ್ನೇ ಮುಂದುವರಿಸುತ್ತಾರೆ ಎಂಬ ಸುದ್ದಿ ಹಬ್ಬಿದಂದಿನಿಂದ ಇಬ್ಬರ ನಡುವೆ ಮಾತು ನಿಂತಿತ್ತು. ಕಂಪ್ಯೂಟರ್ ನಡೆಸುವ ತಂತ್ರಾಂಶಗಳ ಕುರಿತ ಕಿರುಪರೀಕ್ಷೆಯಲ್ಲಿ ‘ಲಿನಕ್ಸ್ ಒಂದು ಯೂನಿಕ್ಸ್’ ಎಂದು ಬರೆದವರಿಗೆಲ್ಲ ಆಕೆ ಸೊನ್ನೆ ಕೊಟ್ಟಿದ್ದಳು. ಹಾಗೆ ಪಾಠ ಹೇಳಿದವನು ಹನುಮೇಶ. ವಿದ್ಯಾರ್ಥಿಗಳ ದೂರು ಇಂದು ಪ್ರಾಚಾರ್ಯ ಪಂಪಾಪತಿಯವರ ಕೋಣೆಗೆ ಬಂದಿತ್ತು. ಆಡಳಿತ ಮಂಡಳಿಯ ಇಮಾಮಬಾನು ಮೇಡಂ ಕೂಡ ಅಲ್ಲಿದ್ದರು. ಅವರನ್ನು ಕಂಡೊಡನೆ ಹನುಮೇಶ ಬೆವತದ್ದನ್ನು ನೇತ್ರಾವತಿ ಗಮನಿಸಿದ್ದಳು.

“ಲಿನಕ್ಸಿಗೂ ಯೂನಿಕ್ಸಿನವ ಆಜ್ಞೆ, ಅದ ನಡತಿ, ಅದ ಕೆಲಸ,” ಎಂದ ಹನುಮೇಶ. “ಇವರು ಕಂಪ್ಯೂಟರಿಗೂ ಮನಿತನ ಕೇಳ್ತಾರ್ರಿ, ಯಲಬುರ್ಗಾದಾಗ ಕನ್ಯಾ ನೋಡಾಕ ಬಂದವ್ರಂಗ.”

“ಮನಿತನ ಯಾರೂ ಕೇಳೂದಿಲ್ರಿ,” ಎಂದಳು ನೇತ್ರಾವತಿ. “ಯೂನಿಕ್ಸ್ ಅನ್ನೂದು ನೋಂದಾಯಿಸಿದ ಹೆಸರು. ಹೆಸರಿನ ಒಡೆಯರು ಇಟ್ಟ ಪರೀಕ್ಷಾ ಪಾಸಾಗಿ ಪ್ರಮಾಣಪತ್ರ ತಗೊಂಡಿದ್ದಕ್ಕಷ್ಟ ಆ ಹೆಸರು. ಹಳೇ ಯೂನಿಕ್ಸಿನಿಂದ ಹುಟ್ಟಿದ್ರೂ ಅಷ್ಟ, ಬ್ಯಾರೆ ಕಡೆ ಹುಟ್ಟಿದ್ರೂ ಅಷ್ಟ.”

“ಕೆಲಸ ಛಲೋ ಮಾಡಿದ್ರ?” ಎಂದರು ಪಂಪಾಪತಿ. ಎಂದೂ ಕುರ್ಚಿ ತೋರಿಸದ ಮನುಷ್ಯ ಇಂದು ಆಕೆಗೆ ಚಹಾ ತರಿಸಿದ್ದರು.

“ಎಷ್ಟ ಛಲೋ ಮಾಡಿದ್ರೂ ‘ಯೂನಿಕ್ಸಿನಂಥದ್ದು’ ಅನ್ನಬಹುದು ಸರ್. ಯೂನಿಕ್ಸ್ ಅನ್ನೂಹಂಗಿಲ್ಲ.”

“ಮೇಡಂ, ಸಾಕ ಬಿಡ್ರಿ,” ಎಂದ ಹನುಮೇಶ. ಧ್ವನಿ ಇಳಿದಿತ್ತು.

“ಯಾಕ್ರಿ, ನಿಮ್ಮ ಮಾತು ಮುಗದವೇನು?”

“ಅವರು ಹೇಳ್ಲಿ,” ಎಂದರು ಇಮಾಮಬಾನು. “ನೇತ್ರಾವತಿ, ವರ್ಷಗಟ್ಟಲೆ ದುಡದೈತಿ ಅಂತ ಒಂದೀಟು ರಿಯಾಯಿತಿ?”

ಆಕೆ ಎಂದಿನಂತೆ ಮಾತನ್ನು ತೂಗಿ ಆಡಿದಳು. “ಇಲ್ರಿ. ರಿಯಾಯಿತಿ ಕೊಟ್ರ ಪಾಸಾದವ್ರಿಗೆ ಅನ್ಯಾಯ.”

ಪಂಪಾಪತಿ ನಕ್ಕರು. “ನೀವು ಅಂಕ ಕೊಟ್ಟಿದ್ದು ಸರಿ ಐತಿ. ದೂರು ವಜಾ.”

ಉಳಿಯುವ ಒಬ್ಬರು ತಾನೇ ಎಂಬ ಧೈರ್ಯದಲ್ಲಿ ನೇತ್ರಾವತಿ ಹನುಮೇಶನತ್ತ ನೋಡಿದಳು. ಅವನು ಚೀಲ ಹೆಗಲಿಗೇರಿಸುತ್ತಿದ್ದ.

“ಇನ್ನ ನನ್ನ ಕೆಲಸ ಸರಳಾತು,” ಎಂದರು ಇಮಾಮಬಾನು. “ಉಪನ್ಯಾಸಕರ ಅರ್ಹತಾ ಪರೀಕ್ಷಾ ಪಾಸಾಗದವ್ರನ್ನ ಇಟ್ಕೊಳ್ಳೂದೋ ಬಿಡೂದೋ ಅಂತ ಮಂಡಳಿ ಕೇಳಿತ್ತು. ಆ ಕೆ-ಸೆಟ್ ಹನುಮೇಶರಂಗ ನಿಮ್ಮದೂ ಆಗಿಲ್ಲಲ್ರಿ?”

ಬಾಗಿಲಲ್ಲಿ ನಿಂತು ಹನುಮೇಶ ನೇತ್ರಾವತಿಯತ್ತ ತಿರುಗಿ ನೋಡಿದ. “ನಾ ವಾದ ಮಾಡಿದ್ದು ನಮ್ಮಿಬ್ಬರ ಸಲುವಾಗಿ ಮೇಡಂ.”