ಟೈಲರ್ ತಾತನಿಗೆ ಹೇಳಿದ ಕೆಲಸ

“ತಾತ, ಆ ಕಿಟಕಿ ಪಕ್ಕದ ಮಂಚಕ್ಕೆ ಇನ್ನೂ ಚಾದರ ಬದಲಾಯಿಸಿಲ್ಲ ನೋಡಿ. ಮೇಟ್ರನ್ ಮೇಡಂ ಬಂದ್ರೆ ಏನಂತಾರೆ?”

ಇನ್‌ಚಾರ್ಜ್ ಸಿಸ್ಟರ್ ಇದನ್ನು ಹೇಳಿದ್ದು ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ ಟೈಲರ್ ತಾತನಿಗೆ. ಆದರೆ ಮಾತು ಮುಟ್ಟಬೇಕಾಗಿದ್ದು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಹತ್ತಿ ಉಂಡೆ ಮಾಡುತ್ತಿದ್ದ ವಾರ್ಡಿನ ಸಹಾಯಕಿಗೆ. ಆ ಸಹಾಯಕಿ ಸಿಸ್ಟರ್‌ಗೆ ಸ್ವಂತ ಅತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇವರಿಬ್ಬರಿಗೆ ಎರಡೂ ಕಾಲ ಒಂದೇ ದಿನದಲ್ಲಿ ಬರುತ್ತಿದ್ದವು. ಮನೆಯಲ್ಲಿ ಅತ್ತೆಯದು, ವಾರ್ಡಿನಲ್ಲಿ ಸೊಸೆಯದು. ಬಡ್ತಿ ಸಿಕ್ಕಿದಾಗಿನಿಂದ ಸೊಸೆ ಒಂದು ದಿನವೂ ಅತ್ತೆಗೆ ಮುಖ ಕೊಟ್ಟು ಕೆಲಸ ಹೇಳಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ತಾತನ ಕಿವಿಗೆ ಹಾಕುತ್ತಿದ್ದಳು. ಅತ್ತೆಯ ಉತ್ತರವೂ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು.

“ಯಜಮಾನ್ರೇ, ನನಗಿರೋದು ಎರಡೇ ಕೈ ಅಂತ ಹೇಳಿ. ಎರಡೂ ಹತ್ತೀಲಿವೆ.”

ತಾತ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು. ದಿನಾ ಅತ್ತೆ ಹೀಗೆ ಗೊಣಗಿಕೊಂಡೇ ಎದ್ದು ಅರ್ಧ ಕೆಲಸವನ್ನಾದರೂ ಮುಗಿಸುತ್ತಿದ್ದರು; ಉಳಿದದ್ದು ಸೊಸೆಯ ಪಾಲಿಗೆ. ಇವತ್ತು ಮಾತ್ರ ಅಲುಗಾಡಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಅವರು ಒಗೆದು ಹರವಿದ್ದ ಬಟ್ಟೆಗಳನ್ನು ಸೊಸೆ ತೆಗೆದು ಇನ್ನೊಂದು ಸಲ ಹಿಂಡಿ ಹರವಿದ್ದಳು. ಅಷ್ಟು ಸಾಕಲ್ಲ.

ಸಿಸ್ಟರ್ ಗೋಡೆಯ ಗಡಿಯಾರ ನೋಡಿದಳು. ಹೋದ ವಾರ ಅವಳೇ ಬೆಡ್‌ಪ್ಯಾನ್ ಹೊತ್ತುಕೊಂಡು ಓಡುತ್ತಿದ್ದಾಗ, ಆಸ್ಪತ್ರೆಯ ಸಿಸ್ಟರ್‌ಗಳಿಗೆಲ್ಲ ಮೇಲಿನವರಾದ ಮೇಟ್ರನ್ ಎದುರಾಗಿದ್ದರು. “ಎಲ್ಲಾ ನೀವೇ ಮಾಡೋದಾದ್ರೆ ಇನ್‌ಚಾರ್ಜ್ ಯಾಕೆ ಬೇಕಮ್ಮ? ಮಾಡಿಸೋದು ಕಲೀರಿ. ಸೋಮವಾರ ಬಂದು ನೋಡ್ತೀನಿ. ಆಗಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ.” ಇವತ್ತು ಸೋಮವಾರ. ಎಷ್ಟೋ ವರ್ಷ ಆಸೆಪಟ್ಟು ಪಡೆದ ಹುದ್ದೆ ಅದು. ಆದರೂ ಅತ್ತೆಯ ಮುಖ ನೋಡಿ ‘ಚಾದರ ಹಾಸಿ’ ಅನ್ನುವ ಎರಡು ಮಾತು ಹೇಳಲು ಅವಳಿಗೆ ಆಗುತ್ತಿರಲಿಲ್ಲ.

“ಹತ್ತು ನಿಮಿಷದಲ್ಲಿ ಚಾದರ ಹಾಸಿರ್ಬೇಕು ತಾತ,” ಎಂದು ಸ್ವಲ್ಪ ಗಡುಸಾಗಿಯೇ ಹೇಳಿ ಅವಳು ಔಷಧಿ ಕಪಾಟಿನ ಕಡೆ ನಡೆದಳು.

“ನನಗಂತೂ ಯಾರೂ ಏನೂ ಹೇಳಿಲ್ಲಪ್ಪ,” ಎಂದು ಅತ್ತೆ ಸ್ಟೂಲನ್ನು ಅತ್ತ ತಿರುಗಿಸಿಕೊಂಡು ಕೂತರು.

ತಾತ ನಲವತ್ತು ವರ್ಷ ಸಂಸಾರ ಮಾಡಿದವರು. ಅಮ್ಮ ಮತ್ತು ಹೆಂಡತಿಯ ನಡುವೆ ಸಿಕ್ಕಿಕೊಂಡಾಗಲೆಲ್ಲ, ಜಗಳಕ್ಕೆ ಕಾರಣವಾದ ಕೆಲಸವನ್ನು ತೆಪ್ಪಗೆ ತಾನೇ ಮಾಡಿ ಮುಗಿಸುವುದು ಕ್ಷೇಮ ಎಂದು ಕಂಡುಕೊಂಡವರು. ಸದ್ದಿಲ್ಲದೆ ವಾಕರ್ ಎಳೆದುಕೊಂಡು ಎದ್ದರು.

ಮೇಟ್ರನ್ ಒಳಗೆ ಬಂದಾಗ ಕಂಡಿದ್ದು ಇಷ್ಟು: ಆಸ್ಪತ್ರೆಯ ದೊಗಳೆ ಅಂಗಿಯ ಮುದುಕರೊಬ್ಬರು ಕಿಟಕಿ ಪಕ್ಕದ ಮಂಚದ ಹತ್ತಿರ ನಿಂತು, ಚಾದರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಗೇಣು ಹಾಕಿ ಅಳೆಯುತ್ತಿದ್ದಾರೆ. ಔಷಧಿ ಕಪಾಟಿನಿಂದ ತಿರುಗಿದ ಸಿಸ್ಟರ್‌ಗೂ ಅದೇ ಕಂಡಿತು.

“ಸಿಸ್ಟರ್, ಈ ಕೆಲಸ ಯಾರಿಗೆ ಹೇಳಿದ್ರಿ?” ಎಂದು ಮೇಟ್ರನ್ ಕೇಳಿದರು.

ತಾತ ಬಾಯಿಂದ ಚಾದರ ಬಿಟ್ಟರು. “ನನಗೇ ಹೇಳಿದ್ರು ಮೇಡಂ. ಪಾಪ, ಎಷ್ಟು ಸಲ ಅಂತ ಹೇಳ್ತಾರೆ? ಅಂದ ಹಾಗೆ ನಿಮ್ಮ ಚಾದರದ ಅಂಚು ಸೊಟ್ಟ ಹೊಲಿದಿದ್ದಾರೆ, ನೋಡಿ ಬೇಕಾದ್ರೆ.” ತೋರಿಸಲು ಗರಕ್ಕನೆ ತಿರುಗಿದರು. ಚಾದರ ಕಾಲಿಗೆ ತೊಡರಿತು. ವಾಕರ್ ಒಂದು ಕಡೆ ಹೋಯಿತು, ತಾತ ಇನ್ನೊಂದು ಕಡೆ ವಾಲಿದರು.

“ಅತ್ತೆ, ಹತ್ತಿ ಬಿಸಾಕಿ, ಅವರನ್ನ ಹಿಡ್ಕೊಳಿ. ಸೊಂಟ ಮುಟ್ಬೇಡಿ, ಕಂಕುಳಿಗೆ ಕೈ ಕೊಡಿ.”

ಸಿಸ್ಟರ್‌ಗೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಹತ್ತಿ ಉಂಡೆಗಳು ನೆಲದ ತುಂಬ ಉರುಳಿದವು. ಅತ್ತೆ ಎರಡೇ ದಾಪುಗಾಲಿಗೆ ಬಂದು ತಾತನನ್ನು ತಬ್ಬಿ ನಿಲ್ಲಿಸಿದ್ದರು.

“ಹಾಗೇ ಹಿಂದೆ ಮಂಚದ ಮೇಲೆ ಕೂರಿಸಿ. ಕಾಲಿನ ಮೇಲೆ ಕಾಲು ಹೋಗ್ಬಾರ್ದು.” ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? ತಾತನ ಗಾಯವನ್ನು ಬಗ್ಗಿ ನೋಡುತ್ತಲೇ ಸಿಸ್ಟರ್ ಮುಂದುವರಿಸಿದಳು. “ಇವರನ್ನ ಇವರ ಜಾಗದಲ್ಲಿ ಮಲಗಿಸಿದ ಮೇಲೆ ಈ ಚಾದರ ಹಾಸಿ. ಆಮೇಲೆ ಬಾಗಿಲ ಹತ್ತಿರದ ಅಜ್ಜನಿಗೆ ಮಗ್ಗುಲು ಬದಲಾಯಿಸಿ, ಬೆನ್ನು ಕೆಂಪಾಗಿದ್ಯಾ ನೋಡಿ ಬಂದು ನನಗೆ ಹೇಳಿ. ಮರೀಬೇಡಿ.”

ಸುತ್ತಲಿನ ಮಂಚಗಳಿಂದ ತಲೆಗಳು ಎದ್ದವು. ಅತ್ತೆ ಒಂದು ಗಳಿಗೆ ಸೊಸೆಯನ್ನು ನೆಟ್ಟ ನೋಟದಿಂದ ನೋಡಿದರು. ಆಮೇಲೆ “ಆಯ್ತು” ಅಂದರು, ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದರು.

ಡಾಕ್ಟರು ಬಂದು ತಾತನಿಗೆ ಏನೂ ಆಗಿಲ್ಲ ಎಂದ ಮೇಲೆಯೇ ಮೇಟ್ರನ್ ಹೊರಟಿದ್ದು. “ಇನ್‌ಚಾರ್ಜ್ ನೀವೇ ಇರಿ,” ಅಂದರು ಸಿಸ್ಟರ್‌ಗೆ. “ಆದ್ರೆ ಇನ್ನೊಂದು ಸಲ ಪೇಷಂಟ್ ಕೈಲಿ ಚಾದರ ಕಂಡ್ರೆ ನಾನು ಸುಮ್ನಿರಲ್ಲ.”

ಹುದ್ದೆಯೇನೋ ಉಳಿಯಿತು. ಸಂಜೆ ಮನೆಗೆ ಹೋಗಬೇಕಲ್ಲ? ಸಿಸ್ಟರ್ ಮೆಲ್ಲಗೆ ಕಿಟಕಿ ಪಕ್ಕದ ಮಂಚದ ಹತ್ತಿರ ಬಂದಳು.

“ಅತ್ತೆ, ಎಲ್ಲರ ಮುಂದೆ ಹಾಗೆ ಹೇಳಿಬಿಟ್ಟೆ. ಭಯ ಆಗಿತ್ತು, ಅದಕ್ಕೇ ಇಷ್ಟು ದಿನ ಹೇಳಿರ್ಲಿಲ್ಲ.”

ಅತ್ತೆ ಚಾದರದ ಮೂಲೆಯನ್ನು ಹಾಸಿಗೆಯಡಿ ತುರುಕುತ್ತಾ, ತಲೆ ಎತ್ತದೆ ಹೇಳಿದರು. “ನನಗೂ ಅದೇ ಭಯ ಇತ್ತು ಕಣೇ.”

“ನಿಮಗಾ? ನಿಮಗ್ಯಾಕೆ ಭಯ?”

“ನೀನು ಬಾಯಿ ಬಿಟ್ಟು ಹೇಳಿಬಿಟ್ರೆ ಮಾಡ್ಬೇಕಾಗುತ್ತಲ್ಲ ಅಂತ.”